ತಿದ್ದುಪಡಿಯನ್ನೂ ತೀರ್ಪನ್ನೂ ಜೊತೆಗಿಟ್ಟು ಓದುವುದು ಹೇಗೆ: ಕೊಡಗಿನ ಓದುಗರಿಗೆ ಒಂದು ಕೈಪಿಡಿ

ಸಂವಿಧಾನವನ್ನು ಎಲ್ಲಿಂದ ಓದಲು ತೊಡಗಬೇಕು ಎಂದು ಕೊಡಗಿನವರು ಕೇಳಿದರೆ, 242ನೇ ವಿಧಿಯಿಂದ ತೊಡಗಿ ಎಂದು ನಾನು ಹೇಳುತ್ತೇನೆ. ಇಂದಿನ ಮುದ್ರಣದಲ್ಲಿ ಆ ಸಂಖ್ಯೆಯ ಮುಂದೆ ಕೊಡಗಿನ ಹೆಸರು ಮಾತ್ರ ಉಳಿದಿದ್ದು, 1956ರ ಏಳನೇ ತಿದ್ದುಪಡಿ ಅಧಿನಿಯಮದ ಮೂಲಕ ಈ ವಿಧಿಯನ್ನು ಬಿಟ್ಟುಬಿಡಲಾಗಿದೆ ಎಂಬ ಒಂದು ಸಾಲು ಇದೆ. 1950ರ ಮೂಲ ಪಾಠದಲ್ಲಿ ಕೊಡಗು ಒಂದು ಭಾಗ 'ಸಿ' ರಾಜ್ಯ, ಅಂದರೆ ಕೇಂದ್ರದ ಆಡಳಿತಕ್ಕೆ ಒಳಪಟ್ಟ ರಾಜ್ಯವಾಗಿತ್ತು. ಸಂಸತ್ತು ಬೇರೆ ಕಾನೂನು ಮಾಡುವವರೆಗೆ ಅಲ್ಲಿನ ಶಾಸನ ಪರಿಷತ್ತಿನ ರಚನೆ ಮತ್ತು ಅಧಿಕಾರಗಳು ಹಿಂದಿನಂತೆಯೇ ಮುಂದುವರಿಯತಕ್ಕದ್ದು, ರಾಷ್ಟ್ರಪತಿಯವರು ಬೇರೆ ಆದೇಶ ಮಾಡುವವರೆಗೆ ಕೊಡಗಿನ ಕಂದಾಯ ಮತ್ತು ವೆಚ್ಚದ ಏರ್ಪಾಡು ಬದಲಾಗದೆ ಇರತಕ್ಕದ್ದು ಎಂದು 242ನೇ ವಿಧಿ ಹೇಳುತ್ತಿತ್ತು. 1951ರಲ್ಲಿ ಸಂಸತ್ತು ಭಾಗ 'ಸಿ' ರಾಜ್ಯಗಳ ಸರ್ಕಾರದ ಬಗ್ಗೆ ಪ್ರತ್ಯೇಕ ಕಾನೂನು ಮಾಡಿತು. 1952ರಲ್ಲಿ 24 ಸ್ಥಾನಗಳ ವಿಧಾನಸಭೆ ಬಂದು, ಸಂವಿಧಾನ ರಚನಾ ಸಭೆಯಲ್ಲಿ ಕೊಡಗನ್ನು ಪ್ರತಿನಿಧಿಸಿದ್ದ ಸಿ.ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದ ಒಂದು ಜಿಲ್ಲೆಯಾಯಿತು.

ಅದೇ ಪುಸ್ತಕದಲ್ಲಿ ಇನ್ನಷ್ಟು ಮುಂದೆ ಹೋಗಿ 368ನೇ ವಿಧಿಯ 4 ಮತ್ತು 5ನೇ ಖಂಡಗಳನ್ನು ನೋಡಿ. ಸಂವಿಧಾನದ ತಿದ್ದುಪಡಿಯನ್ನು ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ ಎಂದು ಅವು ಸ್ಪಷ್ಟವಾಗಿ ಹೇಳುತ್ತವೆ. ಮುದ್ರಣದಲ್ಲಿ ಒಂದಕ್ಷರವೂ ಕಡಿಮೆಯಾಗಿಲ್ಲ. ಆದರೆ 1980ರಲ್ಲಿ ಸುಪ್ರೀಂ ಕೋರ್ಟ್ ಮಿನರ್ವ ಮಿಲ್ಸ್ ಪ್ರಕರಣದಲ್ಲಿ ಈ ಎರಡೂ ಖಂಡಗಳನ್ನು ಅಸಿಂಧುವೆಂದು ಘೋಷಿಸಿರುವುದು ಪುಟದ ಕೆಳಗಿನ ಸಣ್ಣ ಅಕ್ಷರದ ಅಡಿಟಿಪ್ಪಣಿಯಲ್ಲಿ ಮಾತ್ರ ಕಾಣುತ್ತದೆ. ಸಂಸತ್ತು ತೆಗೆದುಹಾಕಿದ ಮಾತು ಪುಸ್ತಕದಿಂದಲೇ ಹೋಗುತ್ತದೆ. ನ್ಯಾಯಾಲಯ ತೆಗೆದುಹಾಕಿದ ಮಾತು ಪುಸ್ತಕದಲ್ಲೇ ಉಳಿದು, ಬಲವನ್ನು ಮಾತ್ರ ಕಳೆದುಕೊಳ್ಳುತ್ತದೆ. ಆದ್ದರಿಂದ ತಿದ್ದುಪಡಿಯನ್ನಷ್ಟೇ ಓದಿದವರಿಗೂ ತೀರ್ಪನ್ನಷ್ಟೇ ಓದಿದವರಿಗೂ ಇಂದು ಜಾರಿಯಲ್ಲಿರುವ ಕಾನೂನು ಯಾವುದೆಂದು ತಿಳಿಯುವುದಿಲ್ಲ. ಎರಡನ್ನೂ ಜೊತೆಗಿಟ್ಟು ಓದುವ ಕ್ರಮವನ್ನು ಇಲ್ಲಿ ವಿವರಿಸಲು ಯತ್ನಿಸಿದ್ದೇನೆ.

ಕೈಯಲ್ಲಿರಬೇಕಾದ ಪಾಠಗಳು

ಕೇಂದ್ರ ಕಾನೂನು ಸಚಿವಾಲಯದ ಶಾಸಕಾಂಗ ಇಲಾಖೆಯು ಪ್ರಕಟಿಸುವ, ಅಡಿಟಿಪ್ಪಣಿಗಳಿರುವ ಪೂರ್ಣ ಸಂವಿಧಾನದ ಇತ್ತೀಚಿನ ಆವೃತ್ತಿಯನ್ನೇ ಇಟ್ಟುಕೊಳ್ಳಬೇಕು. ಪರೀಕ್ಷೆಗೆಂದು ಮಾರುವ ಕಿರುಹೊತ್ತಿಗೆಗಳಲ್ಲಿ ಅಡಿಟಿಪ್ಪಣಿಗಳನ್ನು ಸಾಮಾನ್ಯವಾಗಿ ಕತ್ತರಿಸಿರುತ್ತಾರೆ. ನಮಗೆ ಬೇಕಾದದ್ದೇ ಆ ಟಿಪ್ಪಣಿಗಳು. ಅರ್ಥ ಹಿಡಿಯಲು ಕನ್ನಡದ ಅಧಿಕೃತ ಅನುವಾದವನ್ನು ಪಕ್ಕದಲ್ಲಿಡಿ, ಆದರೆ ಒಂದು ಪದದ ಮೇಲೆ ವಾದ ನಿಂತಾಗ ಇಂಗ್ಲಿಷ್ ಪಾಠಕ್ಕೆ ಮರಳಿ. ತೀರ್ಪುಗಳಿಗೆ ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಜಾಲತಾಣ ಉಚಿತವಾಗಿದೆ ಮತ್ತು ಹಲವು ತೀರ್ಪುಗಳ ಕನ್ನಡ ಅನುವಾದವೂ ನ್ಯಾಯಾಲಯದ ಜಾಲತಾಣದಲ್ಲಿ ಸಿಗುತ್ತದೆ. ಅನುವಾದ ತಿಳಿವಳಿಕೆಗಾಗಿ ಮಾತ್ರ, ಅಧಿಕೃತ ಪಾಠ ಇಂಗ್ಲಿಷಿನದೇ ಎಂಬ ಎಚ್ಚರಿಕೆ ಅದರಲ್ಲೇ ಇರುತ್ತದೆ. ಕೇಶವಾನಂದ ಭಾರತಿ ಪ್ರಕರಣದಂಥ ಕಡತಗಳು ನೂರಾರು ಪುಟಗಳವು. ಮಳೆಗಾಲದಲ್ಲಿ ಕರೆಂಟೂ ನೆಟ್‌ವರ್ಕೂ ಒಟ್ಟಿಗೆ ಹೋಗುವ ಊರುಗಳಲ್ಲಿರುವವರು ಅವನ್ನು ಮೊದಲೇ ಇಳಿಸಿಟ್ಟುಕೊಳ್ಳುವುದು ಒಳ್ಳೆಯದು.

ಯಾವ ಬದಲಾವಣೆಗೆ ಯಾವ ದಾರಿ

ಸಂವಿಧಾನದ ಪಾಠ ಬದಲಾಗುವುದಕ್ಕೆ ಒಂದೇ ದಾರಿಯಲ್ಲ. ಕೊಡಗಿನ ಸಾರ್ವಜನಿಕ ಚರ್ಚೆಗಳಲ್ಲಿ ಇದೊಂದು ಸಂಗತಿಯೇ ಹೆಚ್ಚು ಗೊಂದಲ ಹುಟ್ಟಿಸುತ್ತಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. 368ನೇ ವಿಧಿಯ ಪ್ರಕಾರ ತಿದ್ದುಪಡಿ ಮಸೂದೆಯನ್ನು ಸಂಸತ್ತಿನ ಎರಡೂ ಸದನಗಳು ಬೇರೆ ಬೇರೆಯಾಗಿ ಅಂಗೀಕರಿಸಬೇಕು; ಪ್ರತಿ ಸದನದಲ್ಲೂ ಒಟ್ಟು ಸದಸ್ಯಬಲದ ಅರ್ಧಕ್ಕಿಂತ ಹೆಚ್ಚು ಮತಗಳು ಮತ್ತು ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡರಷ್ಟು ಮತಗಳು ಎರಡೂ ಬೇಕು. ರಾಷ್ಟ್ರಪತಿಯ ಚುನಾವಣೆ, ಕೇಂದ್ರ ಮತ್ತು ರಾಜ್ಯಗಳ ನಡುವಿನ ಶಾಸನಾಧಿಕಾರದ ಹಂಚಿಕೆ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟುಗಳು, ಸಂಸತ್ತಿನಲ್ಲಿ ರಾಜ್ಯಗಳ ಪ್ರಾತಿನಿಧ್ಯ, 368ನೇ ವಿಧಿಯೇ ಮೊದಲಾದ ಕೆಲವು ವಿಷಯಗಳಿಗೆ ಇದರ ಮೇಲೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಅನುಮೋದನೆಯೂ ಬೇಕು.

ಇದರ ಹೊರಗೆ ಇನ್ನೊಂದು ದಾರಿಯಿದೆ. ರಾಜ್ಯಗಳ ಗಡಿಯನ್ನು ಬದಲಿಸುವ, ಹೊಸ ರಾಜ್ಯವನ್ನು ರಚಿಸುವ ಕಾನೂನನ್ನು 3ನೇ ವಿಧಿಯ ಪ್ರಕಾರ ಸಂಸತ್ತು ಸಾಮಾನ್ಯ ಬಹುಮತದಿಂದಲೇ ಮಾಡಬಹುದು, ಮತ್ತು ಅದರಿಂದ ರಾಜ್ಯಗಳ ಪಟ್ಟಿಯಿರುವ ಒಂದನೇ ಅನುಸೂಚಿ ಬದಲಾದರೂ ಅದು 368ನೇ ವಿಧಿಯ ಅರ್ಥದ ತಿದ್ದುಪಡಿಯಲ್ಲ ಎಂದು 4ನೇ ವಿಧಿ ಹೇಳುತ್ತದೆ. 1956ರಲ್ಲಿ ಎರಡೂ ಅಸ್ತ್ರಗಳು ಬಳಕೆಯಾದವು: ಕೊಡಗನ್ನು ಮೈಸೂರಿಗೆ ಸೇರಿಸಿದ್ದು ರಾಜ್ಯ ಪುನರ್ವಿಂಗಡಣಾ ಅಧಿನಿಯಮ; ಎ, ಬಿ, ಸಿ ಎಂಬ ರಾಜ್ಯಗಳ ವರ್ಗೀಕರಣವನ್ನೂ 242ನೇ ವಿಧಿಯನ್ನೂ ತೆಗೆದದ್ದು ಏಳನೇ ತಿದ್ದುಪಡಿ. ಏಳನೇ ತಿದ್ದುಪಡಿಯಿಂದಲೇ ಕೊಡಗು ವಿಲೀನವಾಯಿತು ಎಂದು ಬರೆಯುವವರು ಅರ್ಧ ಸತ್ಯವನ್ನು ಬರೆಯುತ್ತಾರೆ.

ಈ ಭೇದ ತಿಳಿದಿದ್ದರೆ ಇಂದಿನ ಬೇಡಿಕೆಗಳನ್ನೂ ಅಳೆಯಬಹುದು. ಹೈದರಾಬಾದ್ ಕರ್ನಾಟಕಕ್ಕೆ ವಿಶೇಷ ಸೌಲಭ್ಯ ಕೊಡುವ 371ಜೆ ವಿಧಿ ಬಂದದ್ದು 2012ರ 98ನೇ ತಿದ್ದುಪಡಿಯಿಂದ, ಅಂದರೆ ವಿಶೇಷ ಬಹುಮತದಿಂದ. ಅಂಥದ್ದೇ ಏರ್ಪಾಡು ಕೊಡಗಿಗೂ ಬೇಕು ಎನ್ನುವವರು ಆ ಲೆಕ್ಕವನ್ನು ಮೊದಲು ಹಾಕಿಕೊಳ್ಳಬೇಕು. ಒಂದು ಸಮುದಾಯವನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲು ಮಾತ್ರ ಸಂವಿಧಾನದ ತಿದ್ದುಪಡಿ ಬೇಕಿಲ್ಲ. 342ನೇ ವಿಧಿಯಡಿ ಹೊರಡಿಸಿದ ಪಟ್ಟಿಯನ್ನು ಸಂಸತ್ತು ಸಾಮಾನ್ಯ ಕಾನೂನಿನಿಂದ ಬದಲಿಸಬಹುದು, ಆದರೆ ಸಂಸತ್ತನ್ನು ಬಿಟ್ಟು ಇನ್ಯಾರೂ ಬದಲಿಸುವಂತಿಲ್ಲ. ಪಟ್ಟಿಯಲ್ಲಿ ಏನಿದೆಯೋ ಅದನ್ನು ಹಾಗೆಯೇ ಓದಬೇಕು, ಇಂಥ ಹೆಸರೂ ಅದರೊಳಗೆ ಸೇರುತ್ತದೆ ಎಂದು ಸಾಕ್ಷ್ಯ ಪಡೆದು ನ್ಯಾಯಾಲಯ ತೀರ್ಮಾನಿಸಲಾಗದು ಎಂದು ಐವರು ನ್ಯಾಯಮೂರ್ತಿಗಳ ಪೀಠ 2000ದಲ್ಲಿ ಮಹಾರಾಷ್ಟ್ರ ಸರ್ಕಾರ ಮತ್ತು ಮಿಲಿಂದ್ ನಡುವಿನ ಪ್ರಕರಣದಲ್ಲಿ ಹೇಳಿದೆ. ಕರ್ನಾಟಕದ ಪಟ್ಟಿಯಲ್ಲಿ ಕುರುಬ ಮತ್ತು ಮರಾಠ ಎಂಬ ಹೆಸರುಗಳ ಮುಂದೆ 'ಕೊಡಗು ಜಿಲ್ಲೆಯಲ್ಲಿ' ಎಂಬ ಮಿತಿಯನ್ನು ಬರೆದಿರುವುದನ್ನು ಗಮನಿಸಿ. ಕಂಸದೊಳಗಿನ ಆ ಎರಡು ಪದಗಳಿಂದಲೇ ಜಾತಿ ಪ್ರಮಾಣಪತ್ರದ ಅರ್ಜಿ ಗೆಲ್ಲುವುದೂ ಸೋಲುವುದೂ ಉಂಟು.

ತಿದ್ದುಪಡಿಯ ಹಿಂದಿನ ತೀರ್ಪನ್ನು ಹುಡುಕುವುದು

ದಾರಿ ಯಾವುದೆಂದು ತಿಳಿದ ಮೇಲೆ, ತಿದ್ದುಪಡಿ ಏಕೆ ಬಂತು ಎಂದು ಕೇಳಬೇಕು. ಪ್ರತಿ ಮಸೂದೆಯ ಜೊತೆ ಉದ್ದೇಶ ಮತ್ತು ಕಾರಣಗಳ ಹೇಳಿಕೆ ಎಂಬ ಒಂದು ಟಿಪ್ಪಣಿ ಇರುತ್ತದೆ. ಹಕ್ಕುಗಳಿಗೆ ಸಂಬಂಧಿಸಿದ ತಿದ್ದುಪಡಿಗಳಲ್ಲಿ ಬಹುಪಾಲು ಯಾವುದೋ ಒಂದು ತೀರ್ಪಿಗೆ ಸಂಸತ್ತು ಕೊಟ್ಟ ಉತ್ತರವಾಗಿರುವುದರಿಂದ ಆ ಟಿಪ್ಪಣಿಯಲ್ಲಿ ತೀರ್ಪಿನ ಸುಳಿವು ಸಾಮಾನ್ಯವಾಗಿ ಸಿಗುತ್ತದೆ. 1951ರ ಏಪ್ರಿಲ್‌ನಲ್ಲಿ ಚಂಪಕಂ ದೊರೈರಾಜನ್ ಪ್ರಕರಣದ ತೀರ್ಪು ಮದ್ರಾಸಿನ ಕೋಮುವಾರು ಸೀಟು ಹಂಚಿಕೆಯ ಆದೇಶವನ್ನು ಅನೂರ್ಜಿತಗೊಳಿಸಿತು. ಅದೇ ವರ್ಷದ ಜೂನ್‌ನಲ್ಲಿ ಜಾರಿಗೆ ಬಂದ ಮೊದಲ ತಿದ್ದುಪಡಿ 15ನೇ ವಿಧಿಗೆ 4ನೇ ಖಂಡವನ್ನು ಸೇರಿಸಿ ಹಿಂದುಳಿದ ವರ್ಗಗಳಿಗೆ ವಿಶೇಷ ಸೌಲಭ್ಯದ ಅವಕಾಶ ಕೊಟ್ಟಿತು. ಮಾತು ಅಲ್ಲಿಗೆ ನಿಲ್ಲಲಿಲ್ಲ. ಆ ಹೊಸ ಖಂಡವನ್ನು ಆಧರಿಸಿ 1962ರಲ್ಲಿ ಮೈಸೂರು ಸರ್ಕಾರ ವೃತ್ತಿಶಿಕ್ಷಣದಲ್ಲಿ ಶೇ 68ರಷ್ಟು ಸೀಟುಗಳನ್ನು ಮೀಸಲಿಟ್ಟಾಗ, ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ತಳ್ಳಿಹಾಕಿ, ಮೀಸಲಾತಿ ಸ್ಥೂಲವಾಗಿ ಶೇ 50ಕ್ಕಿಂತ ಕಡಿಮೆ ಇರಬೇಕು ಎಂದಿತು. ಕೊಡಗು ಆಗ ಮೈಸೂರು ರಾಜ್ಯದೊಳಗೇ ಇತ್ತು. ಅಲ್ಲಿಂದ ಮಂಡಲ್ ಮೀಸಲಾತಿಯ 1992ರ ಇಂದ್ರಾ ಸಾಹನಿ ಪ್ರಕರಣ, ಬಡ್ತಿ ಮೀಸಲಾತಿಯ 1995ರ 77ನೇ ತಿದ್ದುಪಡಿ, ಅದನ್ನು ಪರೀಕ್ಷಿಸಿದ 2006ರ ಎಂ. ನಾಗರಾಜ್, ಆರ್ಥಿಕವಾಗಿ ದುರ್ಬಲ ವರ್ಗಗಳ ಮೀಸಲಾತಿಯ 2019ರ 103ನೇ ತಿದ್ದುಪಡಿ, ಅದನ್ನು 3:2 ಬಹುಮತದಿಂದ ಎತ್ತಿಹಿಡಿದ 2022ರ ಜನಹಿತ ಅಭಿಯಾನ ಎಂದು ಸರಪಳಿ ಮುಂದುವರಿಯುತ್ತದೆ. ತೋಟ ಕೊಳ್ಳುವವರು ಈ ವರ್ಷದ ಪಹಣಿಯೊಂದನ್ನೇ ನೋಡಿ ಮುಂಗಡ ಕೊಡುವುದಿಲ್ಲ, ಹಕ್ಕು ಬದಲಾವಣೆಯ ಹಿಂದಿನ ದಾಖಲೆಗಳನ್ನೂ ತೆಗೆಸುತ್ತಾರೆ. ವಿಧಿಯೊಂದನ್ನು ಓದುವವರೂ ಹಾಗೆಯೇ ಹಿಂದಕ್ಕೆ ಹೋಗಬೇಕು.

ಸರಪಳಿಯನ್ನು ಬರೆದಿಡುವಾಗ ಅಂಗೀಕಾರದ ವರ್ಷದ ಜೊತೆಗೆ ಜಾರಿಗೆ ಬಂದ ದಿನವನ್ನೂ ಬರೆಯಿರಿ. ಶಿಕ್ಷಣದ ಹಕ್ಕು ಇದಕ್ಕೆ ಒಳ್ಳೆಯ ನಿದರ್ಶನ. ಕರ್ನಾಟಕದ ವೈದ್ಯಕೀಯ ಕಾಲೇಜಿನ ಕ್ಯಾಪಿಟೇಶನ್ ಶುಲ್ಕವನ್ನು ಪ್ರಶ್ನಿಸಿದ 1992ರ ಮೋಹಿನಿ ಜೈನ್ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಎಲ್ಲ ಹಂತದ ಶಿಕ್ಷಣವೂ ಹಕ್ಕು ಎಂದಿತು. 1993ರ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರ ಪೀಠ ಅದನ್ನು 14 ವರ್ಷದವರೆಗಿನ ಶಿಕ್ಷಣಕ್ಕೆ ಮಿತಿಗೊಳಿಸಿತು. 2002ರ 86ನೇ ತಿದ್ದುಪಡಿ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸುವ 21ಎ ವಿಧಿಯನ್ನು ಸೇರಿಸಿತು. ಆದರೆ ಅದು ಜಾರಿಗೆ ಬಂದದ್ದು ಶಿಕ್ಷಣ ಹಕ್ಕು ಅಧಿನಿಯಮದ ಜೊತೆ, 2010ರ ಏಪ್ರಿಲ್ 1ರಂದು. ಇನ್ನೂ ವಿಚಿತ್ರವಾದ ನಿದರ್ಶನ 1978ರ 44ನೇ ತಿದ್ದುಪಡಿಯದು. ಮುಂಜಾಗ್ರತಾ ಬಂಧನದ ವಿಷಯದಲ್ಲಿ 22ನೇ ವಿಧಿಯನ್ನು ಬಿಗಿಗೊಳಿಸುವ ಅದರ 3ನೇ ಕಲಂ ಅನ್ನು ಜಾರಿಗೊಳಿಸುವ ಅಧಿಸೂಚನೆಯೇ ಹೊರಡಲಿಲ್ಲ. ಅಂಗೀಕಾರವಾಗಿ ದಶಕಗಳಾದ ಹಕ್ಕಿನ ರಕ್ಷಣೆಯೊಂದು ಅಡಿಟಿಪ್ಪಣಿಯಲ್ಲೇ ಕುಳಿತಿದೆ, ಅದನ್ನು ಯಾವ ಸರ್ಕಾರವೂ ಎಬ್ಬಿಸಲಿಲ್ಲ.

ಭೂಮಿ, ಆಸ್ತಿ ಮತ್ತು ಎಡನೀರಿನ ಪ್ರಕರಣ

ಮೂಲ ರಚನೆಯ ಸಿದ್ಧಾಂತವನ್ನು ಹೆಚ್ಚಿನ ಪುಸ್ತಕಗಳು ದೆಹಲಿಯ ಕಥೆಯೆಂಬಂತೆ ಹೇಳುತ್ತವೆ. ಅದು ಹುಟ್ಟಿದ್ದು ನಮ್ಮ ನೆರೆಯ ಜಮೀನಿನ ತಕರಾರಿನಿಂದ. ಭಾಗಮಂಡಲದಿಂದ ಕರಿಕೆ ದಾಟಿ ಇಳಿದರೆ ಸಿಗುವ ಕಾಸರಗೋಡು ಜಿಲ್ಲೆಯ ಎಡನೀರು ಮಠದ ಸ್ವಾಮಿಗಳಾಗಿದ್ದ ಕೇಶವಾನಂದ ಭಾರತಿಯವರು, ಕೇರಳದ ಭೂಸುಧಾರಣಾ ಕಾನೂನಿನಿಂದ ಮಠದ ಜಮೀನು ಹೋಗುವುದನ್ನು ಪ್ರಶ್ನಿಸಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅದಕ್ಕೆ ಮೊದಲು, 1967ರ ಗೋಲಕನಾಥ್ ಪ್ರಕರಣದಲ್ಲಿ 11 ನ್ಯಾಯಮೂರ್ತಿಗಳ ಪೀಠ, ಸಂಸತ್ತು ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವಂತೆ ತಿದ್ದುಪಡಿ ಮಾಡಲಾಗದು ಎಂದು 6:5ರಿಂದ ಹೇಳಿತ್ತು. 1971ರ 24ನೇ ತಿದ್ದುಪಡಿ ಆ ತೀರ್ಪನ್ನು ದಾಟುವುದಕ್ಕಾಗಿ ಬಂತು. 1972ರ 29ನೇ ತಿದ್ದುಪಡಿ ಕೇರಳದ ಕಾನೂನುಗಳನ್ನು ಒಂಬತ್ತನೇ ಅನುಸೂಚಿಯೊಳಗೆ ಇಟ್ಟು ನ್ಯಾಯಾಲಯದ ಕೈಗೆ ಸಿಗದಂತೆ ಮಾಡಲು ನೋಡಿತು. 13 ನ್ಯಾಯಮೂರ್ತಿಗಳು 68 ದಿನ ಆಲಿಸಿ 1973ರ ಏಪ್ರಿಲ್ 24ರಂದು ಕೊಟ್ಟ ತೀರ್ಪಿನಲ್ಲಿ ಏಳು ಮಂದಿಯ ಬಹುಮತವು ಸಂಸತ್ತು ಯಾವ ವಿಧಿಯನ್ನಾದರೂ ತಿದ್ದಬಹುದು, ಆದರೆ ಸಂವಿಧಾನದ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದಿತು. ಇಲ್ಲಿ ಓದುಗರು ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಬೇಕು: ತತ್ತ್ವ ಏನಾಯಿತು, ಅರ್ಜಿದಾರರಿಗೆ ಏನು ಸಿಕ್ಕಿತು. ತತ್ತ್ವ ಗೆದ್ದಿತು, 29ನೇ ತಿದ್ದುಪಡಿಯನ್ನು ಮಾತ್ರ ನ್ಯಾಯಾಲಯ ಎತ್ತಿಹಿಡಿಯಿತು.

ತೋಟದ ಒಡೆಯರಿಗೆ ಇದಕ್ಕಿಂತ ಹತ್ತಿರದ ಪ್ರಕರಣ ಇನ್ನೊಂದಿದೆ, ಅದನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲವೆಂಬುದು ನನಗೆ ಸೋಜಿಗ. ನೀಲಗಿರಿಯ ಗೂಡಲೂರಿನ ಜನ್ಮಂ (ಜನ್ಮಿ ಒಡೆಯರ ವಂಶಪಾರಂಪರ್ಯ ಭೂ ಒಡೆತನ) ಎಸ್ಟೇಟುಗಳನ್ನು ರದ್ದುಗೊಳಿಸುವ 1969ರ ತಮಿಳುನಾಡು ಕಾನೂನಿನಲ್ಲಿ ಕಾಡು ಜಮೀನನ್ನು ಸರ್ಕಾರಕ್ಕೆ ವಹಿಸಿದ ಭಾಗವನ್ನು ಸುಪ್ರೀಂ ಕೋರ್ಟ್ 1972ರಲ್ಲಿ ಬಾಲ್ಮಡೀಸ್ ಪ್ಲಾಂಟೇಶನ್ಸ್ ಪ್ರಕರಣದಲ್ಲಿ ಒಪ್ಪಲಿಲ್ಲ. ಸಂಸತ್ತು 34ನೇ ತಿದ್ದುಪಡಿಯಿಂದ ಆ ಕಾನೂನನ್ನೇ ಒಂಬತ್ತನೇ ಅನುಸೂಚಿಗೆ ಸೇರಿಸಿತು. ಅಲ್ಲಿಂದ ಬೆಳೆದ ಐ.ಆರ್. ಕೊಯೆಲೊ ಪ್ರಕರಣದಲ್ಲಿ 9 ನ್ಯಾಯಮೂರ್ತಿಗಳ ಪೀಠ 2007ರ ಜನವರಿ 11ರಂದು, 1973ರ ಏಪ್ರಿಲ್ 24ರ ನಂತರ ಒಂಬತ್ತನೇ ಅನುಸೂಚಿಗೆ ಸೇರಿದ ಯಾವ ಕಾನೂನನ್ನೂ ಮೂಲ ರಚನೆಯ ಒರೆಗೆ ಹಚ್ಚಬಹುದು ಎಂದು ಒಮ್ಮತದಿಂದ ತೀರ್ಮಾನಿಸಿತು. ಗೂಡಲೂರಿನ ಜನ್ಮಂ ಬೇರೆ, ಕೊಡಗಿನ ವಂಶಪಾರಂಪರ್ಯ ಹಿಡುವಳಿಯಾದ ಜಮ್ಮಾ ಬೇರೆ. ಒಂದರ ತೀರ್ಪನ್ನು ಇನ್ನೊಂದರ ಮೇಲೆ ಹಾಗೆಯೇ ಹೊರಿಸಲಾಗದು. ಆದರೆ ತೋಟ, ಕಾಡು ಮತ್ತು ಕಂದಾಯ ಕಾನೂನು ಒಂದೇ ಬೆಟ್ಟದಲ್ಲಿ ಸಿಕ್ಕಿಕೊಂಡಾಗ ಪ್ರಶ್ನೆಗಳನ್ನು ಹೇಗೆ ಬಿಡಿಸಬೇಕು ಎಂಬುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಪಾಠವಿಲ್ಲ.

ಆಸ್ತಿಯ ಹಕ್ಕಿನ ಬಗ್ಗೆ ಮಾತಾಡುವವರು 44ನೇ ತಿದ್ದುಪಡಿಯನ್ನು ಮರೆಯಬಾರದು. ಅದು 19ನೇ ವಿಧಿಯ 1(ಎಫ್) ಉಪಖಂಡವನ್ನೂ 31ನೇ ವಿಧಿಯನ್ನೂ ತೆಗೆದು 300ಎ ವಿಧಿಯನ್ನು ತಂದಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎಂಬ ರಕ್ಷಣೆ ಉಳಿದಿದೆ, ಆದರೆ ಅದು ಮೂಲಭೂತ ಹಕ್ಕಾಗಿ ಉಳಿದಿಲ್ಲವಾದ್ದರಿಂದ ಅದೊಂದನ್ನೇ ಹಿಡಿದು 32ನೇ ವಿಧಿಯಡಿ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲಾಗದು; 226ನೇ ವಿಧಿಯಡಿ ಹೈಕೋರ್ಟಿಗೆ ಹೋಗಬಹುದು. ಇದನ್ನು ಬೆಂಗಳೂರು ಹೊರವಲಯದ ರೋರಿಕ್ ಎಸ್ಟೇಟಿಗೆ ಸಂಬಂಧಿಸಿದ 2011ರ ಕೆ.ಟಿ. ಪ್ಲಾಂಟೇಶನ್ ತೀರ್ಪಿನ ಜೊತೆ ಓದಿ.

ತೀರ್ಪಿನೊಳಗೆ ಏನನ್ನು ನೋಡಬೇಕು

ತೀರ್ಪಿನ ಮೊದಲ ಪುಟದಲ್ಲಿ ಪೀಠದ ಸಂಖ್ಯೆಯನ್ನು ಎಣಿಸಿ. ಇಬ್ಬರ ಪೀಠದ ಮಾತನ್ನು ಮೂವರ ಪೀಠ, ಐವರದನ್ನು ಏಳು ಅಥವಾ ಒಂಬತ್ತು ಮಂದಿಯ ಪೀಠ ಬದಲಿಸಬಹುದು. ನಂತರ ಪೀಠ ತಾನೇ ರೂಪಿಸಿಕೊಂಡ ಪ್ರಶ್ನೆಗಳು ಎಲ್ಲಿವೆಯೆಂದು ಹುಡುಕಿ, ಬಹುಮತವನ್ನು ಪ್ರಶ್ನೆವಾರು ಲೆಕ್ಕ ಹಾಕಿ. ಬೆಂಗಳೂರಿನ ಬಟ್ಟೆ ಗಿರಣಿಯೊಂದರ ರಾಷ್ಟ್ರೀಕರಣದಿಂದ ಹುಟ್ಟಿದ ಮಿನರ್ವ ಮಿಲ್ಸ್ ತೀರ್ಪನ್ನು 4:1 ಎಂದು ಎಲ್ಲರೂ ಬರೆಯುತ್ತಾರೆ. ಆದರೆ 368ನೇ ವಿಧಿಯ ಎರಡು ಖಂಡಗಳ ವಿಷಯದಲ್ಲಿ ಭಿನ್ನಮತದ ನ್ಯಾಯಮೂರ್ತಿಗಳೂ ಉಳಿದವರ ಜೊತೆಗಿದ್ದರು. ಕೆಲವು ನಿರ್ದೇಶಕ ತತ್ತ್ವಗಳ ಜಾರಿಗೆ ಮಾಡಿದ ಕಾನೂನುಗಳನ್ನು ಮೂಲಭೂತ ಹಕ್ಕಿನ ಆಕ್ಷೇಪದಿಂದ ಕಾಯುವ ವಿಧಿ 31ಸಿ. ಅವರು ಬೇರೆಯಾದದ್ದು ತುರ್ತು ಪರಿಸ್ಥಿತಿಯ ಕಾಲದ 42ನೇ ತಿದ್ದುಪಡಿ ಆ ವಿಧಿಯನ್ನು ವಿಸ್ತರಿಸಿದ ವಿಷಯದಲ್ಲಿ. ಆ ವಿಸ್ತರಣೆ ಬಿದ್ದ ಮೇಲೆ 31ಸಿಯ ಹಳೆಯ ಭಾಗ ಉಳಿದಿದೆಯೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು 2024ರ ನವೆಂಬರ್ 5ರಂದು, ಪ್ರಾಪರ್ಟಿ ಓನರ್ಸ್ ಅಸೋಸಿಯೇಶನ್ ಪ್ರಕರಣದ 9 ಮಂದಿಯ ಪೀಠದಿಂದ: ಉಳಿದಿದೆ.

ಪೀಠ ಏನನ್ನು ತೀರ್ಮಾನಿಸಿತು, ಏನನ್ನು ತೀರ್ಮಾನಿಸಲಿಲ್ಲ ಎಂಬುದನ್ನು ಬೇರ್ಪಡಿಸುವುದೇ ಎಲ್ಲಕ್ಕಿಂತ ಕಷ್ಟದ ಭಾಗ. ಇದನ್ನು ಅಭ್ಯಾಸ ಮಾಡಲು ಕೊಡಗಿನ ಕೋವಿಯ ಪ್ರಕರಣವನ್ನೇ ತೆಗೆದುಕೊಳ್ಳಬಹುದು. 1959ರ ಶಸ್ತ್ರಾಸ್ತ್ರ ಅಧಿನಿಯಮದ 41ನೇ ಕಲಂ ಕೇಂದ್ರ ಸರ್ಕಾರಕ್ಕೆ ವಿನಾಯಿತಿ ಕೊಡುವ ಅಧಿಕಾರ ನೀಡುತ್ತದೆ. ಅದರಡಿ ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಕೊಟ್ಟ ವಿನಾಯಿತಿಯನ್ನು 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. ಇದು ಸಮಾನತೆಯ 14 ಮತ್ತು 15ನೇ ವಿಧಿಗಳಿಗೆ ವಿರುದ್ಧ ಎಂಬ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಓದುವಾಗ 1952ರ ಅನ್ವರ್ ಅಲಿ ಸರ್ಕಾರ್ ಪ್ರಕರಣದಿಂದ ಬಂದ ಎರಡು ಅಳತೆಗಳನ್ನು ಕೈಯಲ್ಲಿಡಿ: ಒಳಗಿನವರನ್ನು ಹೊರಗಿನವರಿಂದ ಬೇರ್ಪಡಿಸುವ ಸ್ಪಷ್ಟ ಭೇದ ಇದೆಯೇ, ಆ ಭೇದಕ್ಕೂ ಕಾನೂನಿನ ಉದ್ದೇಶಕ್ಕೂ ಸಂಬಂಧವಿದೆಯೇ. ಕೊಡವರದು ಯೋಧ ಪರಂಪರೆಯ ಸಮುದಾಯ, ವಿನಾಯಿತಿ ಸ್ವಾತಂತ್ರ್ಯಪೂರ್ವದಿಂದ ನಡೆದು ಬಂದದ್ದು, ಅದು ಅನಿರ್ದಿಷ್ಟ ಕಾಲಕ್ಕಲ್ಲ ಮತ್ತು ಷರತ್ತುಗಳಿಗೆ ಒಳಪಟ್ಟಿದೆ ಎಂಬ ಕಾರಣಗಳನ್ನು ಹೈಕೋರ್ಟ್ ಕೊಟ್ಟಿತು. ಸರ್ಕಾರ ಕೊಟ್ಟ ವಿನಾಯಿತಿ ಸಿಂಧು ಎಂಬುದು ತೀರ್ಮಾನ. ವಿನಾಯಿತಿಯನ್ನು ಕೊಡಲೇಬೇಕು, ಇದು ಸಂವಿಧಾನ ಕೊಟ್ಟ ಹಕ್ಕು ಎಂದು ತೀರ್ಪು ಹೇಳಿದೆ ಎಂದು ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನ ಭಾಷಣಗಳಲ್ಲಿ ಯಾರಾದರೂ ಹೇಳಿದರೆ ಅದು ಅಭಿಮಾನದ ಮಾತು, ತೀರ್ಪಿನ ಮಾತಲ್ಲ.

ವಿಚಾರಣೆಯ ನಡುವೆ ನ್ಯಾಯಮೂರ್ತಿಗಳು ಬಾಯಿಮಾತಿನಲ್ಲಿ ಕೇಳಿದ್ದನ್ನು ಪತ್ರಿಕೆಗಳು ಮರುದಿನ ತೀರ್ಪಿನಂತೆ ಅಚ್ಚು ಹಾಕುವುದುಂಟು. ಸಹಿಯಾದ ಆದೇಶದಲ್ಲಿಲ್ಲದ ಮಾತಿಗೆ ಬೆಲೆಯಿಲ್ಲ.

ಭಿನ್ನಮತವನ್ನು ಬಿಟ್ಟು ಓದಬೇಡಿ. ತುರ್ತು ಪರಿಸ್ಥಿತಿಯಲ್ಲಿ ಬಂಧಿತರಾದವರು ಬಂಧನವನ್ನು ಪ್ರಶ್ನಿಸುವ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಲಾಗದು ಎಂದು 1976ರ ಎಡಿಎಂ ಜಬಲ್‌ಪುರ ಪ್ರಕರಣದಲ್ಲಿ ನಾಲ್ವರು ಹೇಳಿದಾಗ ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. 44ನೇ ತಿದ್ದುಪಡಿ 359ನೇ ವಿಧಿಯನ್ನು ತಿದ್ದಿ, 20 ಮತ್ತು 21ನೇ ವಿಧಿಗಳ (ಅಪರಾಧ ಪ್ರಕರಣದಲ್ಲಿನ ರಕ್ಷಣೆ, ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯ) ಹಕ್ಕನ್ನು ತುರ್ತು ಪರಿಸ್ಥಿತಿಯಲ್ಲೂ ಅಮಾನತಿನಲ್ಲಿಡದಂತೆ ಮಾಡಿತು. ಆ ತೀರ್ಪನ್ನು ನ್ಯಾಯಾಲಯವೇ ರದ್ದುಪಡಿಸಿದ್ದು ಮಾತ್ರ 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಖಾಸಗಿತನದ ಪ್ರಕರಣದಲ್ಲಿ. ತಿದ್ದುಪಡಿ ಬಂದು ಸುಮಾರು ನಾಲ್ಕು ದಶಕ ಕಳೆದರೂ ತೀರ್ಪು ಹೆಸರಿಗೆ ಬದುಕಿತ್ತು.

ಆ ತೀರ್ಪು ನಮ್ಮೂರಿಗೆ ಅನ್ವಯಿಸುತ್ತದೆಯೇ

ಬುಡಕಟ್ಟು ಜನರ ವಸತಿಗಳಾದ ಹಾಡಿಗಳ ಹಕ್ಕಿನ ಸಭೆಗಳಲ್ಲಿ 1997ರ ಸಮತಾ ತೀರ್ಪನ್ನು ಉಲ್ಲೇಖಿಸುವವರಿದ್ದಾರೆ. ಆಂಧ್ರದಿಂದ ಬಂದ ಆ ಪ್ರಕರಣ ಬುಡಕಟ್ಟು ಜನರ ರಕ್ಷಣೆಗಾಗಿ ಐದನೇ ಅನುಸೂಚಿಯಡಿ ಘೋಷಿಸುವ ಪರಿಶಿಷ್ಟ ಪ್ರದೇಶಗಳಿಗೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಅಂಥ ಪ್ರದೇಶವೆಂದು ಘೋಷಿತವಾದ ಜಾಗ ಯಾವುದೂ ಇಲ್ಲ, ಆದ್ದರಿಂದ ಪರಿಶಿಷ್ಟ ಪ್ರದೇಶಗಳಿಗೆ ಪಂಚಾಯತಿ ವ್ಯವಸ್ಥೆಯನ್ನು ವಿಸ್ತರಿಸಿದ 1996ರ ಪೆಸಾ ಕಾನೂನೂ ಇಲ್ಲಿ ಅನ್ವಯಿಸುವುದಿಲ್ಲ. ನಾಗರಹೊಳೆಯ ಅಂಚಿನ ಜೇನುಕುರುಬರಿಗೂ ಯರವರಿಗೂ ಹೆಚ್ಚು ಉಪಯೋಗದ್ದು 2006ರ ಅರಣ್ಯ ಹಕ್ಕು ಅಧಿನಿಯಮ ಮತ್ತು ಅದನ್ನು ವ್ಯಾಖ್ಯಾನಿಸಿದ 2013ರ ಒರಿಸ್ಸಾ ಮೈನಿಂಗ್ ಕಾರ್ಪೊರೇಶನ್ ತೀರ್ಪು. ನಿಯಮಗಿರಿಯ ಗಣಿಗಾರಿಕೆಯ ವಿಷಯದಲ್ಲಿ ಅರಣ್ಯವಾಸಿಗಳ ವೈಯಕ್ತಿಕ, ಸಾಮುದಾಯಿಕ ಮತ್ತು ಧಾರ್ಮಿಕ ಹಕ್ಕುಗಳನ್ನು ಗ್ರಾಮಸಭೆಯೇ ಪರಿಶೀಲಿಸಬೇಕು ಎಂದು ಅದು ಹೇಳಿತು. ತಪ್ಪು ತೀರ್ಪನ್ನು ಹಿಡಿದು ಹೋದ ಅರ್ಜಿ ನ್ಯಾಯವಾದದ್ದಾದರೂ ಮೊದಲ ದಿನವೇ ಸೋಲುತ್ತದೆ.

ಇದಕ್ಕೆ ವಿರುದ್ಧವಾಗಿ, ದೂರದ ಊರಿನ ತೀರ್ಪೊಂದು ತೋಟದ ಕಾರ್ಮಿಕರ ಲೈನ್ ಮನೆಯ ಬಾಗಿಲವರೆಗೆ ಬರುವುದೂ ಉಂಟು. ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಟ್ಟಡ ಕಾರ್ಮಿಕರ ಬಗ್ಗೆ 1982ರಲ್ಲಿ ಪೀಪಲ್ಸ್ ಯೂನಿಯನ್ ಫಾರ್ ಡೆಮಾಕ್ರಟಿಕ್ ರೈಟ್ಸ್ ಪ್ರಕರಣದಲ್ಲಿ ಬಂದ ತೀರ್ಪು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆ ಎಂದಿತು. ಹಸಿವು ಮತ್ತು ಬಡತನ ಹೇರುವ ಒತ್ತಾಯವೂ ಒತ್ತಾಯವೇ, 23ನೇ ವಿಧಿಯನ್ನು ಸರ್ಕಾರದ ವಿರುದ್ಧ ಮಾತ್ರವಲ್ಲ ಖಾಸಗಿಯವರ ವಿರುದ್ಧವೂ ಜಾರಿಗೊಳಿಸಬಹುದು ಎಂಬುದು ಅದರ ತಿರುಳು. ಮುಂಗಡದ ಸಾಲ ತೀರುವವರೆಗೆ ತೋಟ ಬಿಟ್ಟು ಹೋಗುವಂತಿಲ್ಲ ಎಂದು ಕಾರ್ಮಿಕ ಕುಟುಂಬವೊಂದಕ್ಕೆ ಹೇಳಿದರೆ, ಈ ತೀರ್ಪಿನ ಜೊತೆ 1976ರ ಜೀತಪದ್ಧತಿ ನಿರ್ಮೂಲನಾ ಅಧಿನಿಯಮವನ್ನೂ ತೆರೆಯಬೇಕು.

ಓದಿದ್ದನ್ನು ಬಳಸುವುದು

ಪ್ರತಿ ವಿಧಿಗೆ ನೋಟುಪುಸ್ತಕದಲ್ಲಿ ಒಂದು ಪುಟ ಬಿಡಿ. ಮೂಲ ಪಾಠ, ಅದನ್ನು ಅಲುಗಿಸಿದ ತೀರ್ಪು, ಉತ್ತರವಾಗಿ ಬಂದ ತಿದ್ದುಪಡಿ, ಜಾರಿಯ ದಿನ, ತಿದ್ದುಪಡಿಯನ್ನು ಪರೀಕ್ಷಿಸಿದ ತೀರ್ಪು, ಪೀಠದ ಸಂಖ್ಯೆ, ಇವನ್ನು ಇದೇ ಕ್ರಮದಲ್ಲಿ ಬರೆಯಿರಿ. ಒಟ್ಟು ತಿದ್ದುಪಡಿಗಳು 2023ರ ಹೊತ್ತಿಗೆ 106 ಆಗಿದ್ದವು, ಆದರೆ ಅವೆಲ್ಲವನ್ನೂ ಉರುಹಚ್ಚುವುದರಿಂದ ಪರೀಕ್ಷೆಯ ಅಂಕಗಳ ಹೊರತು ಬೇರೆ ಲಾಭವಿಲ್ಲ. ಒಂದನೆಯದು, 24, 42, 44, 77, 86 ಮತ್ತು 103ನೆಯದು, ಇಷ್ಟನ್ನು ಅವುಗಳ ತೀರ್ಪುಗಳೊಡನೆ ಓದಿದವರು ಉಳಿದವನ್ನು ತಾವೇ ಓದಿಕೊಳ್ಳಬಲ್ಲರು. ತೀರ್ಪನ್ನು ಉಲ್ಲೇಖಿಸುವ ಮೊದಲು ಅದರ ಮೇಲೆ ಮೇಲ್ಮನವಿ ಆಗಿದೆಯೇ, ದೊಡ್ಡ ಪೀಠಕ್ಕೆ ಹೋಗಿದೆಯೇ ಎಂದು ನೋಡಲೇಬೇಕು. ಉನ್ನಿಕೃಷ್ಣನ್ ತೀರ್ಪಿನ ಪ್ರವೇಶ ಮತ್ತು ಶುಲ್ಕದ ಯೋಜನೆಯನ್ನು 2002ರಲ್ಲಿ ಟಿ.ಎಂ.ಎ. ಪೈ ಪ್ರತಿಷ್ಠಾನದ ಪ್ರಕರಣದ 11 ಮಂದಿಯ ಪೀಠ ತೆಗೆದುಹಾಕಿತು, ಮಕ್ಕಳ ಶಿಕ್ಷಣದ ಹಕ್ಕು ಮಾತ್ರ ಉಳಿಯಿತು. ತೀರ್ಪಿನ ಒಂದು ಭಾಗ ಬಿದ್ದರೆ ಇಡೀ ತೀರ್ಪು ಬಿತ್ತೆಂದು ತಿಳಿಯಬಾರದು.

ಓದು ಪ್ರಕರಣದವರೆಗೆ ಮುಟ್ಟಿದರೆ, ಕೊಡಗಿನವರ ರಿಟ್ ಅರ್ಜಿ ಹೋಗುವುದು ಬೆಂಗಳೂರಿನ ಹೈಕೋರ್ಟ್ ಪೀಠಕ್ಕೆ. ವಕೀಲರ ಶುಲ್ಕ ಕೊಡಲಾಗದವರು ಮಡಿಕೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನು ಕೇಳಬಹುದು ಅಥವಾ 15100 ಸಹಾಯವಾಣಿಗೆ ಕರೆ ಮಾಡಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಅಧಿನಿಯಮದ 12ನೇ ಕಲಂ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಿಟ್ಟಿ ದುಡಿಮೆಗೆ ಸಿಕ್ಕವರು, ಪ್ರವಾಹದಂಥ ವಿಕೋಪಕ್ಕೆ ಒಳಗಾದವರು ಉಚಿತ ನೆರವಿಗೆ ಅರ್ಹರು. ಈ ನೆರವಿನ ಬೇರು ಉಚಿತ ಕಾನೂನು ನೆರವಿನ 39ಎ ವಿಧಿಯಲ್ಲಿದೆ, ಮತ್ತು ಆ ವಿಧಿಯನ್ನು ತಂದದ್ದು ಎಲ್ಲರೂ ಬೈಯುವ ಅದೇ 42ನೇ ತಿದ್ದುಪಡಿ. ಹೋಗುವಾಗ ನಿಮಗೆ ಬಂದ ನೋಟಿಸು ಅಥವಾ ಆದೇಶದ ಪ್ರತಿ, ಅದು ಕೈಸೇರಿದ ದಿನಾಂಕ, ನೀವು ಕೊಟ್ಟ ಮನವಿಗಳ ಸ್ವೀಕೃತಿ ಮತ್ತು ಗ್ರಾಮಸಭೆಯ ನಡಾವಳಿ ಇದ್ದರೆ ಅದನ್ನೂ ಒಯ್ಯಿರಿ. ತೀರ್ಪಿನ ಪ್ರತಿ ಒಯ್ಯುವುದಾದರೆ ಇಡೀ ಕಡತ ಬೇಡ, ನಿಮಗೆ ಸಂಬಂಧಿಸಿದ ಪ್ಯಾರಾಗಳ ಸಂಖ್ಯೆಯನ್ನು ಗುರುತು ಹಾಕಿಕೊಂಡರೆ ಸಾಕು.